ಮುಚ್ಚಳ ತೆಗೆಯಲು ಬಿಡಿ: ಹಳೇ ಹೆಸರಿನ ಆಂಪ್ ಕಂಪನಿಗೆ ಒಂದು ಬಹಿರಂಗ ಪತ್ರ

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹಾಕಿ ಬೈದರೆ ಪತ್ರ ಸೀದಾ ನಿಮ್ಮ ವಕೀಲರ ಮೇಜಿಗೆ ಹೋಗುತ್ತದೆ. ಹಾಕದಿದ್ದರೆ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆ, ಡಿಸೈನ್ ಮಾಡುವವರಲ್ಲಿ ಯಾರಾದರೂ ಒಬ್ಬರು ಓದಬಹುದು ಅನ್ನುವ ಆಸೆ ನನ್ನದು. ಅದೂ ಅಲ್ಲದೆ ಈ ದೂರು ನಿಮ್ಮೊಬ್ಬರ ಮೇಲೇ ಅಲ್ಲ. ಐವತ್ತು ಅರವತ್ತು ವರ್ಷದ ಹೆಸರನ್ನು ಮುಂದಿಟ್ಟುಕೊಂಡು ಇವತ್ತು ಗಿಟಾರ್ ಆಂಪ್ ಮಾರುತ್ತಿರುವ ಯಾರಿಗಾದರೂ ಓದುವಾಗ 'ಇದು ನಮಗೇ ಬರೆದ ಹಾಗಿದೆಯಲ್ಲ' ಅನ್ನಿಸಿದರೆ, ಹೌದು, ನಿಮಗೇ ಬರೆದದ್ದು.

ನಾನು ದೊಡ್ಡ ಕಲಾವಿದನಲ್ಲ. ವಾರವಿಡೀ ಬೇರೆ ಕೆಲಸ, ವಾರದ ಕೊನೆಗೆ ಬ್ಯಾಂಡು. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ನಿಮ್ಮ ಆಂಪ್ ಕೊಳ್ಳುವವರಲ್ಲಿ ನನ್ನಂಥವರೇ ಜಾಸ್ತಿ ಅನ್ನುವುದು ನಿಮಗೂ ಗೊತ್ತಿದೆ. ವೇದಿಕೆಯ ಹಿಂದೆ ಗೋಡೆಯ ಹಾಗೆ ಆಂಪ್ ಜೋಡಿಸಿ ನಿಲ್ಲಿಸುವ ಮಂದಿ ಬೆರಳೆಣಿಕೆಯಷ್ಟು. ಒಂದೇ ಒಂದು ಆಂಪನ್ನು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕೊಂಡು, ಅದಕ್ಕೆ ಬಟ್ಟೆ ಹೊದಿಸಿ ಮೂಲೆಯಲ್ಲಿ ಜೋಪಾನ ಮಾಡುವವರು ನಾವು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಎರಡನೇ ಹಾಡಿನ ಮಧ್ಯೆ ಆಂಪ್ ಒಳಗಿಂದ ಕರಕರ ಸದ್ದು ಬಂತು, ಒಣ ಎಲೆ ತುಳಿದ ಹಾಗೆ. ಕೇಬಲ್ ಇರಬೇಕು ಅಂದುಕೊಂಡು ಕಾಲಲ್ಲಿ ಸರಿಸಿದೆ. ಕರಕರ ನಿಂತಿತು. ಜೊತೆಗೆ ಗಿಟಾರೂ ನಿಂತಿತು. ಕೇಬಲ್ ಬದಲಾಯಿಸಿ ನೋಡಿದೆ, ಏನೂ ಇಲ್ಲ. ಪ್ಲಗ್ಗನ್ನು ಒಂದು ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಧ್ವನಿ. ಗಿಟಾರ್ ನುಡಿಸಲು ಎರಡೂ ಕೈ ಬೇಕು, ಅಲ್ವಾ? ಉಳಿದ ಹಾಡುಗಳನ್ನು ಬೇಸ್ ನುಡಿಸುವ ಗೆಳೆಯನ ಆಂಪಿನ ಎರಡನೇ ತೂತಿಗೆ ಚುಚ್ಚಿಕೊಂಡು ಹೇಗೋ ಮುಗಿಸಿದೆ. ಕೇಳಲು ಬಂದವರು ಒಳ್ಳೆಯವರು, ಏನೂ ಅನ್ನಲಿಲ್ಲ.

ಆಂಪ್ ಕೊಂಡು ನಾಲ್ಕು ವರ್ಷವಾಗಿತ್ತು. ವಾರಂಟಿ ಮುಗಿದಿತ್ತು.

ನಾನು ರಿಪೇರಿಗೆ ಹೋಗುವುದು ಒಬ್ಬ ಹಿರಿಯರ ಬಳಿ. ಟ್ಯೂಬ್ ರೇಡಿಯೋ ಕಾಲದಿಂದ ಈ ಕೆಲಸ ಮಾಡುತ್ತಿದ್ದಾರೆ. ಟ್ಯೂಬ್ ಅಂದರೆ ಬಲ್ಬಿನ ಹಾಗೆ ಕಾಯುವ ಗಾಜಿನ ಬುಡ್ಡಿ, ನನ್ನ ಆಂಪಿನಲ್ಲೂ ಸದ್ದು ಹಿಗ್ಗಿಸುವುದು ಅದೇ. ತೆರೆದ ಆಂಪಿಗೆ ಕೈ ಹಾಕುವಾಗ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಳಗೆ ನಾಲ್ಕುನೂರು ಐನೂರು ವೋಲ್ಟ್ ಇರುತ್ತದೆ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆ ಹಾದು ಹೋಗುತ್ತದೆ, ಅದಕ್ಕೆ ಆ ಅಭ್ಯಾಸ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜು ಉಳಿದಿರುತ್ತದೆ. ಅದನ್ನು ರೆಸಿಸ್ಟರ್ ಹಿಡಿದು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಅವರು ಕೆಲಸ ಶುರು ಮಾಡುವುದು. ಇದನ್ನು ಯಾಕೆ ಹೇಳಿದೆ ಅಂದರೆ, 'ಒಳಗೆ ಅಪಾಯ ಇದೆ, ತೆರೆಯಬೇಡಿ' ಅನ್ನುವ ನಿಮ್ಮ ಸ್ಟಿಕ್ಕರನ್ನು ನಾನು ಹಗುರವಾಗಿ ತಗೊಂಡಿಲ್ಲ. ಅಪಾಯ ನಿಜ. ಆದರೆ ಅಪಾಯ ಗೊತ್ತಿರುವ ಕೈಗೂ ನೀವು ಬಾಗಿಲು ಹಾಕಿದ್ದೀರಿ.

ಅವರು ಪ್ಲಗ್ ಅಲ್ಲಾಡಿಸಿ ನೋಡಿ ಅರ್ಧ ನಿಮಿಷದಲ್ಲಿ ಹೇಳಿದರು: "ಪ್ಲಗ್ ಚುಚ್ಚುವ ಜ್ಯಾಕಿನ ಬೆಸುಗೆ ಬಿಟ್ಟಿದೆ. ಐದು ನಿಮಿಷದ ಕೆಲಸ." ಆಮೇಲೆ ಚಾಸಿ, ಅಂದರೆ ಒಳಗಿನ ಕಬ್ಬಿಣದ ತಟ್ಟೆ, ಹೊರಗೆಳೆದರು. ಆಮೇಲೆ ಸುಮ್ಮನಾದರು.

ಜ್ಯಾಕ್ ಇದ್ದದ್ದು ಸರ್ಕ್ಯೂಟ್ ಬೋರ್ಡಿನ ಮೇಲೆ. ಬೆಸುಗೆ ಇದ್ದದ್ದು ಬೋರ್ಡಿನ ಕೆಳಗೆ. ಬೋರ್ಡು ಎತ್ತಬೇಕಾದರೆ ಅದಕ್ಕೆ ಅಂಟಿಕೊಂಡ ಎಲ್ಲವನ್ನೂ ಬಿಡಿಸಬೇಕು. ಹದಿನಾಲ್ಕು ನಾಬ್ ಕೀಳಬೇಕು, ಹದಿನಾಲ್ಕು ನಟ್ಟು ಬಿಚ್ಚಬೇಕು. ಟ್ಯೂಬ್‌ಗಳ ಸಾಕೆಟ್ಟೂ ಅದೇ ಬೋರ್ಡಿನ ಮೇಲೆ, ಆದ್ದರಿಂದ ಟ್ಯೂಬ್ ಎಲ್ಲಾ ಹೊರಗೆ. ಹಿಂದಿನ ಪ್ಯಾನೆಲಿನ ಇನ್ನೊಂದು ಬೋರ್ಡಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲನ್ನು ಬಿಡಿಸಬೇಕು. ಅದನ್ನು ಹಿಡಿದಿಡುವ ಬಿಳಿ ಪ್ಲಾಸ್ಟಿಕ್ ಕ್ಲಿಪ್ಪು ಉಗುರಿನಷ್ಟು ಅಗಲ. ಟ್ಯೂಬಿನ ಪಕ್ಕದಲ್ಲೇ ನಾಲ್ಕು ವರ್ಷ ಬೆಂದು ಹಳದಿಯಾಗಿತ್ತು. ಅವರು ಮುಟ್ಟಿದ್ದೇ ತಡ, ಚಟ್ ಅಂತ ಮುರಿಯಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

ಅದೇ ಮೇಜಿನ ಆ ಕೊನೆಯಲ್ಲಿ ಇನ್ಯಾರದೋ ಆಂಪ್ ಇತ್ತು. ಎಪ್ಪತ್ತರ ದಶಕದ್ದು. ಹೊದಿಕೆ ಹರಿದಿತ್ತು, ಮೂಲೆಯ ಕಬ್ಬಿಣ ತುಕ್ಕು ಹಿಡಿದಿತ್ತು, ಒಂದು ನಾಬ್ ಬೇರೆ ಯಾವುದೋ ರೇಡಿಯೋದ್ದು. ಒಳಗೆ ನೋಡಿದರೆ ಎಲ್ಲಾ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿಂದ ಹೊರಟ ತಂತಿ ಅಲ್ಲಿಗೆ ಹೋಗುತ್ತದೆ. ಈ ರೆಸಿಸ್ಟರಿನ ಎರಡು ಕಾಲು ಈ ಎರಡು ಕಡೆ. ಮಧ್ಯೆ ಒಂದು ರೆಸಿಸ್ಟರ್ ಸುಟ್ಟು ಕಪ್ಪಾಗಿತ್ತು. ನನ್ನ ಆಂಪನ್ನು ಪಕ್ಕಕ್ಕೆ ಸರಿಸಿ ಅವರು ಅದನ್ನು ಕೈಗೆತ್ತಿಕೊಂಡರು. ಬೆಸುಗೆಯ ಹೊಗೆ ಎರಡು ಸಲ ಎದ್ದಿತು. ಟ್ಯೂಬ್ ಬಿಸಿಯಾಗಿ ಮೇಲಿನ ದೂಳು ಸುಟ್ಟ ವಾಸನೆ ಬಂತು. ಅಷ್ಟೇ, ಆಂಪ್ ಮಾತಾಡಿತು. ಕಾಲು ಗಂಟೆಯೂ ಆಗಿರಲಿಲ್ಲ. ನನ್ನದು ನಾಲ್ಕು ವರ್ಷದ ಕೂಸು, ಇನ್ನೂ ಅಂಗಾತ ಮಲಗಿತ್ತು.

ನಿಮಗೆ ಇಮೇಲ್ ಬರೆದೆ. ಸರ್ಕ್ಯೂಟ್ ನಕ್ಷೆ ಕೊಡಿ, ಆ ಕ್ಲಿಪ್ಪು ಎಲ್ಲಿ ಸಿಗುತ್ತದೆ ಹೇಳಿ ಎಂದು ಕೇಳಿದೆ. ಹನ್ನೊಂದು ದಿನದ ಮೇಲೆ ಉತ್ತರ ಬಂತು. ನಮ್ಮ ಪರಂಪರೆಯ ಮೇಲೆ ನೀವಿಟ್ಟ ಪ್ರೀತಿಗೆ ಧನ್ಯವಾದ ಅಂತ ಶುರುವಾಗಿತ್ತು. ನಕ್ಷೆ ಹೊರಗಿನವರಿಗೆ ಕೊಡುವುದಿಲ್ಲ. ಬಿಡಿಭಾಗ ಬಿಡಿಯಾಗಿ ಮಾರುವುದಿಲ್ಲ. ಇಡೀ ಮುಖ್ಯ ಬೋರ್ಡು ಬದಲಾಯಿಸಬೇಕು. ಆದರೆ ಈ ಮಾಡೆಲ್ ನಿಲ್ಲಿಸಿರುವುದರಿಂದ ಬೋರ್ಡು ಸದ್ಯಕ್ಕೆ ಲಭ್ಯವಿಲ್ಲ. ಕೊನೆಯಲ್ಲಿ ಹೊಸ ಮಾಡೆಲಿನ ಚಿತ್ರ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತೇವಲ್ಲ, ನೀವು ಇನ್ನೂ ಒಂದು ಹೆಜ್ಜೆ ಮುಂದೆ. ಎತ್ತಿಗೆ ಜ್ವರ ಬಂದರೆ ಹೊಸ ಎತ್ತು ತಗೊಳ್ಳಿ ಅಂದಿರಿ.

ಪರಂಪರೆಯ ಮಾತು ನೀವೇ ಎತ್ತಿದ್ದರಿಂದ ಸ್ವಲ್ಪ ಅದನ್ನೇ ನೋಡೋಣ.

ಫೆಂಡರ್ ಆಂಪಿಗೆ ಹೆಸರು ಕೊಟ್ಟ ಲಿಯೋ ಫೆಂಡರ್ ಯಾರು? ಗಿಟಾರ್ ನುಡಿಸಲು ಬಾರದ ಮನುಷ್ಯ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಕೆಟ್ಟ ರೇಡಿಯೋ, ಕೆಟ್ಟ ಆಂಪ್ ಬಿಚ್ಚಿ ಬಿಚ್ಚಿ ಎಲ್ಲಿ ಕೆಡುತ್ತದೆ ಅನ್ನುವುದನ್ನು ಕಲಿತರು. ಅದಕ್ಕೇ ಅವರು ಮಾಡಿದ ಆಂಪ್ ಹಾಗಿತ್ತು. ಹಿಂದಿನ ಕೆಲವು ಸ್ಕ್ರೂ ಬಿಚ್ಚಿದರೆ ಸರ್ಕ್ಯೂಟ್ ಮುಖಕ್ಕೆ ಮುಖ. ಪೆಟ್ಟಿಗೆಯ ಒಳಗೋಡೆಗೆ ಒಂದು ಕಾಗದ ಅಂಟಿಸಿರುತ್ತಿದ್ದರು, ಯಾವ ಜಾಗಕ್ಕೆ ಯಾವ ಟ್ಯೂಬ್ ಅಂತ. ನಾಳೆ ಇದನ್ನು ಬಿಚ್ಚುವವನು ನನ್ನ ಹಾಗೇ ಒಬ್ಬ ರಿಪೇರಿಯವನು ಅನ್ನುವುದು ಆ ಮನುಷ್ಯನ ತಲೆಯಲ್ಲಿ ಸದಾ ಇತ್ತು.

ಅತ್ತ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಮಾರ್ಷಲ್ ಆಂಪಿಗೆ ಹೆಸರು ಕೊಟ್ಟ ಜಿಮ್ ಮಾರ್ಷಲ್. ಇವರೂ ಗಿಟಾರಿನವರಲ್ಲ, ಡ್ರಮ್ ನುಡಿಸುತ್ತಿದ್ದವರು, ಡ್ರಮ್ ಪಾಠ ಹೇಳುತ್ತಿದ್ದವರು. 1960ರಲ್ಲಿ ವಾದ್ಯದ ಅಂಗಡಿ ಇಟ್ಟರು. ಗಿಟಾರ್ ಹುಡುಗರು ಬಂದು ನಮಗೆ ಬೇಕಾದ ಸದ್ದು ಯಾವ ಆಂಪಿನಲ್ಲೂ ಸಿಗುತ್ತಿಲ್ಲ, ಅಮೆರಿಕದಿಂದ ಬರುವುದು ತುಂಬಾ ದುಬಾರಿ ಎಂದು ಗೋಳಾಡಿದರು. ಅಂಗಡಿಯಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದ ಕೆನ್ ಬ್ರಾನ್, ಜೊತೆಗೆ ಡಡ್ಲಿ ಕ್ರೇವನ್ ಎಂಬ ಎಳೆಯ ಹುಡುಗ ಸೇರಿ ಫೆಂಡರಿನ ಬೇಸ್‌ಮನ್ ಆಂಪಿನ ಸರ್ಕ್ಯೂಟನ್ನೇ ಇಟ್ಟುಕೊಂಡು ತಮ್ಮದೊಂದು ಮಾಡಿದರು. 1962ರಲ್ಲಿ ಹೊರಬಂದ ಆ ಆಂಪೇ ಜೆಟಿಎಂ45. ನಕ್ಷೆ ಹೆಚ್ಚುಕಡಿಮೆ ಅದೇ. ಬದಲಾದದ್ದು ಕೈಗೆ ಸಿಕ್ಕ ಸಾಮಾನು. ಮೊದಲ ಟ್ಯೂಬ್ ಜಾಗಕ್ಕೆ 12ಎವೈ7 ಬದಲು ಇಸಿಸಿ83 ಬಂತು, ಟ್ರಾನ್ಸ್‌ಫಾರ್ಮರ್ ಬೇರೆ ಬಂತು, ಹಿಂಬದಿ ತೆರೆದ ಪೆಟ್ಟಿಗೆಯ ನಾಲ್ಕು ಹತ್ತಿಂಚಿನ ಸ್ಪೀಕರ್ ಹೋಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೆಲೆಸ್ಟಿಯನ್ ಕಂಪನಿಯ ನಾಲ್ಕು ಹನ್ನೆರಡಿಂಚಿನ ಸ್ಪೀಕರ್ ಬಂದವು. ಇಷ್ಟರಿಂದಲೇ ರಾಕ್ ಸಂಗೀತಕ್ಕೆ ಹೊಸದೊಂದು ಗಂಟಲು ಬಂದಂತಾಯಿತು.

ಒಂದು ಮಾತು ಗಮನಿಸಿ. ಬೇಸ್‌ಮನ್ ಆಂಪಿನ ಸರ್ಕ್ಯೂಟ್ ಬಿಡಿಸಿ ಓದಲು ಬಾರದ ಹಾಗೆ ಇದ್ದಿದ್ದರೆ ಜೆಟಿಎಂ45 ಹುಟ್ಟುತ್ತಿತ್ತೇ? ಒಬ್ಬ ರಿಪೇರಿಯವನು ಮಾಡಿದ್ದನ್ನು ಇನ್ನೊಬ್ಬ ರಿಪೇರಿಯವನು ಓದಿಕೊಂಡ. ನೀವೆಲ್ಲರೂ ಇವತ್ತು ಬ್ರೋಶರಿನಲ್ಲಿ ಹೊಗಳಿಕೊಳ್ಳುವ ವಂಶಾವಳಿ ಶುರುವಾಗುವುದು ಬೆಸುಗೆ ಕಡ್ಡಿಯ ಮೇಜಿನಿಂದ. ಆ ಮೇಜಿನವರಿಗೇ ಈಗ ನೀವು 'ಹೊರಗಿನವರು' ಅನ್ನುತ್ತೀರಿ. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಹಿಂದಿನದೆಲ್ಲಾ ಚಿನ್ನ, ಈಗಿನದೆಲ್ಲಾ ಕಸ ಅನ್ನುವವನು ನಾನಲ್ಲ. ಹಳೆಯ ಕಂಪನಿಗಳೂ ಚೆನ್ನಾಗಿಯೇ ಎಡವಿವೆ. 1965ರಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ 1.3 ಕೋಟಿ ಡಾಲರಿಗೆ ಮಾರಿದರು. ಕೆಲವು ವರ್ಷದಲ್ಲಿ ಆಂಪಿನ ಮುಂದಿನ ಕಪ್ಪು ಪಟ್ಟಿ ಹೋಗಿ ಬೆಳ್ಳಿ ಬಣ್ಣದ ಪಟ್ಟಿ ಬಂತು. ಬಣ್ಣ ಬದಲಾದರೆ ಯಾರಿಗೇನು? ಒಳಗೂ ಬದಲಾಯಿತು. ಹಲವು ಮಾಡೆಲ್‌ಗಳಲ್ಲಿ ಬಯಾಸ್ ವ್ಯವಸ್ಥೆ (ಸುಮ್ಮನಿರುವಾಗ ಟ್ಯೂಬಿನಲ್ಲಿ ಎಷ್ಟು ಕರೆಂಟು ಹರಿಯಬೇಕು ಅಂತ ಗೊತ್ತುಮಾಡುವ ಭಾಗ) ತಿದ್ದಿದರು, ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬ್‌ಗಳ ಹತ್ತಿರ ಹೊಸದಾಗಿ ಸಣ್ಣ ಕೆಪಾಸಿಟರ್‌ಗಳನ್ನು ಸೇರಿಸಿದರು. ವಾದಕರಿಗೆ ಆ ಸದ್ದು ಹಿಡಿಸಲಿಲ್ಲ.

ಆಗ ವಾದಕರು ಏನು ಮಾಡಿದರು? ಬರೀ ಗೊಣಗಲಿಲ್ಲ. ಆಂಪನ್ನು ರಿಪೇರಿಯವರ ಹತ್ತಿರ ಒಯ್ದು ಆ ಕೆಪಾಸಿಟರ್‌ಗಳನ್ನು ಕೀಳಿಸಿದರು, ಬಯಾಸ್ ಭಾಗವನ್ನು ಹಳೆಯ ನಕ್ಷೆಯ ಪ್ರಕಾರ ಮತ್ತೆ ಕಟ್ಟಿಸಿದರು. ಹಳೆಯ ಕಪ್ಪು ಪಟ್ಟಿಯ ನೆನಪಿಗೆ ಈ ಕೆಲಸಕ್ಕೆ 'ಬ್ಲ್ಯಾಕ್‌ಫೇಸ್ ಮಾಡುವುದು' ಅಂತ ಹೆಸರೇ ಬಿತ್ತು. ಇವತ್ತಿಗೂ ಮಾಡುತ್ತಾರೆ. ಐವತ್ತು ವರ್ಷದ ಕೆಳಗೆ ಕಾರ್ಖಾನೆಯಲ್ಲಿ ಆದ ತಪ್ಪನ್ನು ಒಂದು ಮಧ್ಯಾಹ್ನದಲ್ಲಿ ಬೆಸುಗೆ ಕಡ್ಡಿ ಹಿಡಿದು ತಿದ್ದಬಹುದು. ಅಂದಿನ ತಪ್ಪುಗಳು ಆ ಜಾತಿಯವು. ತಪ್ಪು ಮಾಡಿದವರು ನೀವು, ತಿದ್ದಿಕೊಳ್ಳುವ ದಾರಿ ನಮಗೆ ಇತ್ತು.

ಈಗ ನೀವು ತಪ್ಪು ಮಾಡಿದರೆ ನಾವು ಏನು ಮಾಡಬೇಕು? ನನ್ನ ಇಡೀ ಪತ್ರ ಈ ಒಂದು ಪ್ರಶ್ನೆ.

ಸರ್ಕ್ಯೂಟ್ ಬೋರ್ಡೇ ಖಳನಾಯಕ ಅಂತ ನಮ್ಮವರಲ್ಲಿ ಅನೇಕರು ಹೇಳುತ್ತಾರೆ. ಒಪ್ಪುವುದಿಲ್ಲ. ಮಾರ್ಷಲ್‌ನವರು ಎಪ್ಪತ್ತರ ದಶಕದ ಮಧ್ಯಕ್ಕಾಗಲೇ ಬೋರ್ಡಿಗೆ ಬಂದಿದ್ದರು. 1981ರ ಜೆಸಿಎಂ800 ಒಳಗಿರುವುದೂ ಅದೇ. ಅದನ್ನು ಯಾರಾದರೂ ಬೈಯುತ್ತಾರಾ? ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. (ಆ ಜೆಸಿಎಂ ಅಂದರೆ ಜೇಮ್ಸ್ ಚಾರ್ಲ್ಸ್ ಮಾರ್ಷಲ್. 800 ಬಂದದ್ದು ಅವರ ಕಾರಿನ ನಂಬರ್ ಪ್ಲೇಟಿನಿಂದ. ಮಾಡೆಲಿಗೆ ಹೆಸರಿಡಲು ಆಗ ಮೀಟಿಂಗ್ ಮೇಲೆ ಮೀಟಿಂಗ್ ಬೇಕಿರಲಿಲ್ಲ ಅಂತ ಕಾಣುತ್ತದೆ.) ಗಟ್ಟಿ ಬೋರ್ಡು, ಅಗಲವಾದ ತಾಮ್ರದ ದಾರಿ, ಕೈ ಆಡಿಸಲು ಜಾಗ ಇದ್ದರೆ ಬೋರ್ಡಿನಿಂದ ತೊಂದರೆ ಇಲ್ಲ.

ತೊಂದರೆ ಬರುವುದು ಪೆಟ್ಟು ತಿನ್ನುವ ಭಾಗವನ್ನೂ ಬಿಸಿಯಾಗುವ ಭಾಗವನ್ನೂ ಬೋರ್ಡಿಗೇ ಬೆಸೆದಾಗ. ಜ್ಯಾಕ್ ಅಂದರೆ ಪೆಟ್ಟು ತಿನ್ನುವ ಭಾಗ. ದಿನಾ ಪ್ಲಗ್ ಚುಚ್ಚುತ್ತೇವೆ, ಕೀಳುತ್ತೇವೆ, ಕತ್ತಲಲ್ಲಿ ಯಾರೋ ಕೇಬಲ್ ಎಡವುತ್ತಾರೆ. ಜ್ಯಾಕನ್ನು ಚಾಸಿಯ ಕಬ್ಬಿಣಕ್ಕೆ ನಟ್ಟು ಹಾಕಿ ಬಿಗಿದು, ಅದರಿಂದ ಎರಡು ತಂತಿ ಬೋರ್ಡಿಗೆ ಎಳೆದರೆ ಎಳೆತವೆಲ್ಲಾ ಕಬ್ಬಿಣದ ಮೇಲೆ ಬೀಳುತ್ತದೆ. ಬೋರ್ಡಿನ ಮೇಲೇ ಪ್ಲಾಸ್ಟಿಕ್ ಜ್ಯಾಕ್ ಕೂರಿಸಿದರೆ ಪ್ರತಿ ಎಳೆತವೂ ಸಾಸಿವೆ ಕಾಳಿನಷ್ಟು ಬೆಸುಗೆಯ ಮೇಲೆ. ನನ್ನ ಆಂಪಿನಲ್ಲಿ ಆದದ್ದು ಇಷ್ಟೇ. ಭೂತಗನ್ನಡಿಯಲ್ಲಿ ನೋಡಿದಾಗ ಬೆಸುಗೆಯ ಸುತ್ತ ಕೂದಲಿನಷ್ಟು ತೆಳ್ಳಗಿನ ವೃತ್ತ ಕಾಣಿಸಿತು. ಎರಡು ತುಂಡು ತಂತಿ ಉಳಿಸಿದ ಫಲ.

ಟ್ಯೂಬ್ ಸಾಕೆಟ್ಟಿನ ಕಥೆ ಇನ್ನೂ ಕೆಟ್ಟದ್ದು. ಇಎಲ್34 ಅನ್ನುವ ಪವರ್ ಟ್ಯೂಬಿನ ಫಿಲಮೆಂಟಿಗೆ (ಟ್ಯೂಬನ್ನು ಕಾಯಿಸುವ ತಂತಿಗೆ) 6.3 ವೋಲ್ಟಿನಲ್ಲಿ 1.5 ಆಂಪಿಯರ್ ಕರೆಂಟು ಬೇಕು. ಅಂಥವು ನಾಲ್ಕಿದ್ದರೆ ಬರೀ ಕಾಯಿಸುವುದಕ್ಕೇ 6 ಆಂಪಿಯರ್. ಹಳೆಯ ಆಂಪಿನಲ್ಲಿ ಇದು ಎರಡು ದಪ್ಪ ತಂತಿ ಹುರಿಗೊಂಡು ಸಾಕೆಟ್ಟಿಂದ ಸಾಕೆಟ್ಟಿಗೆ ಹೋಗುತ್ತಿತ್ತು. ಸಾಕೆಟ್ಟು ಕಬ್ಬಿಣಕ್ಕೆ ಬಿಗಿದಿರುತ್ತಿತ್ತು. ಈಗ ಹಲವು ಆಂಪ್‌ಗಳಲ್ಲಿ ಆ ಕರೆಂಟೆಲ್ಲಾ ಬೋರ್ಡಿನ ತಾಮ್ರದ ಗೆರೆಗಳಲ್ಲಿ ಹರಿಯುತ್ತದೆ, ಸಾಕೆಟ್ಟೂ ಬೋರ್ಡಿನ ಮೇಲೆಯೇ. ಮುಟ್ಟಿದರೆ ಬೊಬ್ಬೆ ಏಳುವಷ್ಟು ಬಿಸಿಯ ಗಾಜಿನ ಬುಡ್ಡಿಯನ್ನು ಬೋರ್ಡಿಗೆ ಅಂಟಿಸಿ, ಎಷ್ಟೋ ಸಲ ತಲೆಕೆಳಗಾಗಿ ನೇತು ಹಾಕಿ, ಪಕ್ಕದಲ್ಲೇ ಸ್ಪೀಕರ್ ಗುದ್ದುತ್ತಿರುವಾಗ ಬೆಸುಗೆ ಎಷ್ಟು ದಿನ ತಡೆದೀತು? ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. ಒಂದು ದಿನ ಬಿರುಕು.

ಇದೆಲ್ಲಾ ನಿಮ್ಮ ಇಂಜಿನಿಯರುಗಳಿಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ಅವರೂ ಗಿಟಾರ್ ಹುಚ್ಚರೇ ಇರುತ್ತಾರೆ. ತಂತಿ ಎಳೆಯಲು ಮನುಷ್ಯರ ಕೈ ಬೇಕು, ಕೈಗೆ ಸಂಬಳ ಕೊಡಬೇಕು. ಬೋರ್ಡಿನ ಮೇಲೆ ಎಲ್ಲವನ್ನೂ ಕೂರಿಸಿದರೆ ಯಂತ್ರವೇ ಬೆಸೆದು ಹಾಕುತ್ತದೆ. ಲೆಕ್ಕ ಅರ್ಥವಾಗುತ್ತದೆ. ಆದರೆ ಅಲ್ಲಿ ಉಳಿಸಿದ್ದು ಎಲ್ಲಿಗೆ ಹೋಯಿತು ಅಂತ ನೋಡಿದರೆ ಸಿಟ್ಟು ಬರುತ್ತದೆ. ಮುಂದಿನ ಲೋಗೋಗೆ ಹಳತಾದಂತೆ ಕಾಣಲು ಹಳದಿ ಛಾಯೆ. ಸ್ಪೀಕರಿನ ಬಟ್ಟೆಗೆ ಅರವತ್ತರ ದಶಕದ ನೇಯ್ಗೆ. ಪವರ್ ಸ್ವಿಚ್ಚಿನ ಪಕ್ಕ ಕೆಂಪು ದೀಪ, ಅದೂ ಹಳೇ ಕಾಲದ ಕಲ್ಲಿನ ಹಾಗೆ ಮುಖ ಕೊರೆದದ್ದು. ಮೇಲೆಲ್ಲಾ ತಳುಕು, ಒಳಗೆಲ್ಲಾ ಹುಳುಕು ಅನ್ನುವ ಗಾದೆ ಇದನ್ನು ನೋಡಿಯೇ ಹುಟ್ಟಿದ ಹಾಗಿದೆ. ಅಜ್ಜನ ಕೋಟು ಹಾಕಿಕೊಂಡರೆ ಅಜ್ಜನ ಗುಣ ಬಂದುಬಿಡುತ್ತದೆಯೇ?

ಇನ್ನು ಆ್ಯಪ್. ನನ್ನ ಗೆಳೆಯನ ಬಳಿ ಇರುವ ಆಂಪಿನಲ್ಲಿ ಕೆಲವು ಸೆಟ್ಟಿಂಗುಗಳು ಫೋನಿನಿಂದ ಮಾತ್ರ ಸಿಗುತ್ತವೆ. ಅವನ ಫೋನು ಅಪ್‌ಡೇಟ್ ಆಯಿತು, ಆ್ಯಪ್ ತೆರೆಯುವುದು ನಿಂತಿತು. ಈಗ ಆ ಆಂಪಿನ ರಿವರ್ಬ್ (ಪ್ರತಿಧ್ವನಿ) ಕೊನೆಯ ಸಲ ಎಲ್ಲಿಟ್ಟಿದ್ದನೋ ಅಲ್ಲೇ ಇದೆ. ಗವಿಯೊಳಗೆ ನುಡಿಸಿದ ಹಾಗೆ ಕೇಳುತ್ತದೆ. ಪರವಾಗಿಲ್ಲ, ನಿಧಾನದ ಹಾಡಿಗೆ ಚೆನ್ನಾಗಿರುತ್ತದೆ ಅನ್ನುತ್ತಾನೆ ಪಾಪ. ಒಂದು ನಾಬ್ ಇದ್ದಿದ್ದರೆ ತಿರುಗಿಸುತ್ತಿದ್ದ. ಇದಕ್ಕಿಂತ ಜಾಸ್ತಿ ಈ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ.

ಹೊಸದರ ಮೇಲೆ ದ್ವೇಷ ಅಂತ ಮಾತ್ರ ತಿಳಿಯಬೇಡಿ. ಹೊಸದು ಬೇಕು ಅಂತ ಕೇಳಿದವರೇ ನಾವು. ವಾಲ್ಯೂಮ್ ಪೂರ್ತಿ ಏರಿಸದೆ ಆ ಒರಟು ಸದ್ದು ಸಿಗಲಿ ಅಂತ ಕೇಳಿದ್ದಕ್ಕೆ 1975ರಲ್ಲಿ ಮಾರ್ಷಲ್‌ನವರ 2203 ಮಾಡೆಲಿಗೆ ಮಾಸ್ಟರ್ ವಾಲ್ಯೂಮ್ ಬಂತು. ಅದನ್ನು ಯಾರೂ ಬೈಯಲಿಲ್ಲ, ಅಪ್ಪಿಕೊಂಡರು. 2019ರಲ್ಲಿ ಫೆಂಡರ್‌ನವರು ಟೋನ್ ಮಾಸ್ಟರ್ ಅಂತ ಹೊರತಂದರು. ನೋಡಲು ಹಳೇ ಡಿಲಕ್ಸ್ ರಿವರ್ಬ್, ಒಳಗೆ ಒಂದೂ ಟ್ಯೂಬ್ ಇಲ್ಲ, ಪೂರ್ತಿ ಡಿಜಿಟಲ್, ತೂಕ ಹೆಚ್ಚುಕಡಿಮೆ ಅರ್ಧ. ಡಿಜಿಟಲ್ ಅಂತ ಅವರೇ ಹೇಳಿ ಮಾರಿದರು. ಬೇಕಾದವರು ಕೊಂಡರು, ಬೆನ್ನುನೋವಿರುವ ನನ್ನಂಥವರು ಆಸೆಯಿಂದ ನೋಡಿದರು. ತೂಕ ಇಳಿಸಿ, ಸದ್ದು ಇಳಿಸಿ, ಚಿಪ್ಪು ಹಾಕಿ, ನನ್ನದೇನೂ ತಕರಾರಿಲ್ಲ. ಟ್ಯೂಬ್ ಆಂಪ್ ಅಂತ ಹೇಳಿ ಟ್ಯೂಬ್ ಆಂಪಿನ ದುಡ್ಡು ತಗೊಂಡ ಮೇಲೆ ಅದರ ಆಯಸ್ಸನ್ನೂ ಕೊಡಿ, ಅಷ್ಟೇ ನಾನು ಕೇಳುತ್ತಿರುವುದು.

ನಮ್ಮ ತಪ್ಪೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪತ್ರ ಅರ್ಧ ಸುಳ್ಳಾಗುತ್ತದೆ. ಗಿಟಾರಿನವರು ಕಣ್ಣಿಂದ ಕೇಳುವ ಜನ. ಲೋಗೋ ನೋಡಿದ ಕೂಡಲೇ ನಮಗೆ ಸದ್ದು ಅರ್ಧ ಚೆನ್ನಾಗಿ ಕೇಳಿಸುತ್ತದೆ. ನಾನು ಈ ಆಂಪ್ ಕೊಳ್ಳುವ ದಿನ ಒಳಗೆ ಹೇಗಿದೆ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟು ಚಾನೆಲ್, ಎಷ್ಟು ವಾಟ್ ಅಂತ ಕೇಳಿದೆ. ವಾಟ್ ವಿಷಯದಲ್ಲಂತೂ ನಮ್ಮ ದಡ್ಡತನಕ್ಕೆ ಎಣೆಯಿಲ್ಲ. 100 ವಾಟಿನಿಂದ 50ಕ್ಕೆ ಇಳಿದರೆ ಸದ್ದು ಕಡಿಮೆಯಾಗುವುದು ಬರೀ 3 ಡೆಸಿಬಲ್, ಕಿವಿಗೆ ಸ್ವಲ್ಪವೇ ಗೊತ್ತಾಗುತ್ತದೆ. ಆದರೂ 100 ಬೇಕು ಅನ್ನುತ್ತೇವೆ, ಮನೆಗೆ ತಂದು ವಾಲ್ಯೂಮ್ ಒಂದೂವರೆಯಲ್ಲಿ ಇಟ್ಟು ನುಡಿಸುತ್ತೇವೆ. ಹಳೇ ಕಾಲದ ಹಾಗೆ ಕೈಯಲ್ಲಿ ಕಟ್ಟಿದ್ದು ಬೇಕು, ಆದರೆ ಅಗ್ಗವಾಗಿರಬೇಕು, ಹಗುರವಾಗಿರಬೇಕು, ನಾಲ್ಕು ಚಾನೆಲ್ ಇರಬೇಕು. ಇಂಥ ಗಿರಾಕಿಗಳನ್ನು ಇಟ್ಟುಕೊಂಡು ನೀವೂ ಎಷ್ಟು ಅಂತ ಒದ್ದಾಡುತ್ತೀರಿ, ಅದೂ ಗೊತ್ತು.

ಟ್ಯೂಬ್ ಸಿಗುವುದೂ ಈಗ ಸುಲಭವಲ್ಲ, ಅದನ್ನೂ ಒಪ್ಪುತ್ತೇನೆ. ಅಮೆರಿಕ, ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಬಹುಪಾಲು ಬರುವುದು ರಷ್ಯಾ, ಸ್ಲೊವಾಕಿಯಾ, ಚೀನಾ ಮೂರೇ ಕಡೆಯಿಂದ. 2022ರ ಮಾರ್ಚ್‌ನಲ್ಲಿ ರಷ್ಯಾದಿಂದ ಬರುವುದು ನಿಂತೇ ಹೋಗುತ್ತದೆ ಅನ್ನುವ ಸುದ್ದಿ ಬಂದಾಗ ನಮ್ಮವರು ಸಿಕ್ಕಸಿಕ್ಕಲ್ಲಿ ಟ್ಯೂಬ್ ಕೊಂಡು ಬಚ್ಚಿಟ್ಟರು. ಆದರೆ ನೋಡಿ, ಟ್ಯೂಬ್ ಅನ್ನುವುದು ಬದಲಾಯಿಸಲೆಂದೇ ಮಾಡಿದ ವಸ್ತು. ಕೀಳುವುದು, ಹಾಕುವುದು. ಪವರ್ ಟ್ಯೂಬ್ ಬದಲಾಯಿಸಿದರೆ ಬಯಾಸ್ ಸರಿ ಮಾಡಬೇಕು, ಅದಕ್ಕೆ ಮೀಟರಿನ ಮೊನೆ ಇಡಲು ಹೊರಗೇ ಎರಡು ತೂತು, ಸ್ಕ್ರೂಡ್ರೈವರಿಗೆ ಒಂದು ತೂತು ಕೊಟ್ಟರೆ ಸಾಕು. ಕೆಲವರು ಕೊಡುತ್ತಾರೆ, ಅವರಿಗೆ ದೊಡ್ಡ ನಮಸ್ಕಾರ. ನನ್ನ ಆಂಪಿನಲ್ಲಿ ಬಯಾಸ್ ಸ್ಕ್ರೂ ಇರುವುದು ಬೋರ್ಡಿನ ಕೆಳಗೆ, ಟ್ರಾನ್ಸ್‌ಫಾರ್ಮರಿನ ಹಿಂದೆ. ಅಲ್ಲಿಗೆ ತಲುಪಲು ಮೊಣಕೈಗೆ ಇನ್ನೊಂದು ಕೀಲು ಬೇಕು.

ಯುರೋಪಿನ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ಕಾನೂನು ಮಾಡಿತು. ವಾಷಿಂಗ್ ಮೆಷಿನ್, ಫ್ರಿಜ್, ಫೋನು ಇವೆಲ್ಲ ಅದರ ಪಟ್ಟಿಯಲ್ಲಿವೆ. ಗಿಟಾರ್ ಆಂಪ್ ಇಲ್ಲ. ಬಟ್ಟೆ ಒಗೆಯುವ ಯಂತ್ರಕ್ಕೆ ಸಿಕ್ಕ ಮರ್ಯಾದೆ ನಿಮ್ಮ 'ಜೀವಮಾನದ ಸಂಗಾತಿ'ಗೆ ಸಿಕ್ಕಿಲ್ಲ. ಜೀವಮಾನದ ಸಂಗಾತಿ ಅನ್ನುವುದು ನಿಮ್ಮ ಬ್ರೋಶರಿನ ಮಾತು, ನನ್ನದಲ್ಲ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಒಂದು ಮಾಡೆಲ್ ಮಾರುವುದನ್ನು ನಿಲ್ಲಿಸಿದ ದಿನ ಅದರ ಸರ್ಕ್ಯೂಟ್ ನಕ್ಷೆಯನ್ನು ನಿಮ್ಮ ವೆಬ್‌ಸೈಟಿಗೆ ಹಾಕಿಬಿಡಿ. ಅದರಿಂದ ಯಾರು ಕದ್ದು ಏನು ಮಾಡಿಯಾರು, ನೀವೇ ಮಾರುವುದು ಬಿಟ್ಟ ಮೇಲೆ? ಹೆಚ್ಚೆಂದರೆ ಇನ್ನೊಂದು ಅಂಗಡಿಯ ರಿಪೇರಿ ಹುಡುಗ ನೋಡಿ ತನ್ನದೊಂದು ಮಾಡಿಯಾನು. ನಿಮ್ಮ ಕುಲ ಬೆಳೆದದ್ದೇ ಹಾಗಲ್ಲವೇ? ಜ್ಯಾಕು, ಸಾಕೆಟ್ಟು ಇವೆರಡನ್ನು ಚಾಸಿಗೆ ಬಿಗಿಯಿರಿ. ಬೆಲೆ ಸ್ವಲ್ಪ ಏರಿದರೆ ಏರಲಿ, ಯಾಕೆ ಏರಿತು ಅಂತ ಅದೇ ಬ್ರೋಶರಿನಲ್ಲಿ ಬರೆಯಿರಿ, ನಾವು ಓದುತ್ತೇವೆ. ಬಿಡಿಭಾಗಗಳನ್ನು ಬಿಡಿಯಾಗಿ ಮಾರಿ. ಹಳದಿ ಛಾಯೆಯ ಲೋಗೋ ಬೇಕಿದ್ದರೆ ಇಟ್ಟುಕೊಳ್ಳಿ, ನಿಜ ಹೇಳಬೇಕೆಂದರೆ ನನಗೂ ಇಷ್ಟವೇ.

ನನ್ನ ಆಂಪ್ ಏನಾಯಿತು ಅಂತ ಕೇಳಬಹುದು. ಆ ಹಿರಿಯರು ಬಿಡಲಿಲ್ಲ. ರಿಬ್ಬನ್ ಕೇಬಲನ್ನು ಪೂರ್ತಿ ಕಿತ್ತು, ಅದರ ಹನ್ನೆರಡು ದಾರಿಗೆ ಹನ್ನೆರಡು ಸಣ್ಣ ತಂತಿ ಒಂದೊಂದಾಗಿ ಬೆಸೆದರು. ಬೋರ್ಡಿನ ಮೇಲಿದ್ದ ಜ್ಯಾಕನ್ನು ತೆಗೆದು, ಚಾಸಿಯ ತೂತನ್ನು ಅರದಿಂದ ಉಜ್ಜಿ ಹಿಗ್ಗಿಸಿ, ಹಳೇ ಕಾಲದ ಲೋಹದ ಜ್ಯಾಕ್ ಕೂರಿಸಿ ನಟ್ಟು ಬಿಗಿದರು. ಎರಡು ತಂತಿ ಎಳೆದರು. ನಕ್ಷೆ ಇಲ್ಲದೆ ಮಾಡಿದ್ದಕ್ಕೆ ಮೂರು ಸಂಜೆ ಹಿಡಿಯಿತು. ಕೊನೆಗೆ ಒಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಹನ್ನೆರಡು ತಂತಿಯ ಲೆಕ್ಕ ಬರೆದು, ಬಣ್ಣ ಸಮೇತ, ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದರು. "ಮುಂದೆ ಇದನ್ನು ಯಾರಾದರೂ ಬಿಚ್ಚುತ್ತಾರಲ್ಲ, ಅವರಿಗೆ" ಅಂದರು.

ಇಂತಿ,
ನಿಮ್ಮ ಆಂಪ್ ಇನ್ನೂ ನುಡಿಸುತ್ತಿರುವ ಒಬ್ಬ ಗಿಟಾರಿನವನು

ತಾ.ಕ.: ಆ ಬಿಳಿ ಕ್ಲಿಪ್ಪಿನ ಎರಡು ತುಂಡೂ ನನ್ನ ಬಳಿ ಇವೆ. ಒಂದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಏನೋ ನಂಬರ್ ಇದೆ, ಕೊನೆಯ ಎರಡು ಅಂಕಿ ಮುರಿದ ಕಡೆ ಹೋಗಿವೆ. ಅವೆರಡನ್ನು ಹೇಳಿದರೂ ಸಾಕು.